ಹನ್ನೊಂದು ಕಿಲೋ ತಪ್ಪು

ನಮ್ಮ ಅಂಗಡಿಯಲ್ಲಿ ತೂಕದ ಯಂತ್ರವಿಲ್ಲ. ಮೊದಲು ಒಂದಿತ್ತಂತೆ. ಅದರ ಮೇಲೆ ನಿಂತ ಹೆಂಗಸೊಬ್ಬಳು ಮುಳ್ಳು ನೋಡಿ ಮುಖ ಊದಿಸಿಕೊಂಡು ಬರಿಗೈಯಲ್ಲಿ ಹೋದಳಂತೆ. ಅವತ್ತೇ ನಮ್ಮ ಮಾವ ಅದನ್ನು ಎತ್ತಿ ಹಿತ್ತಲಿಗೆ ಎಸೆದರು. "ಹೆಂಗಸರ ವಯಸ್ಸು, ಗಂಡಸರ ಸಂಬಳ, ಇಬ್ಬರ ತೂಕ, ಇದನ್ನ ಯಾರೂ ಕೇಳಬಾರದು" ಎನ್ನುವುದು ಅವರ ಮಾತು. ಕೇಳದೆಯೇ ತಿಳಿದುಕೊಳ್ಳಬೇಕು. ಗಿರಾಕಿ ಹೊಸಿಲು ದಾಟಿ ನಾಲ್ಕು ಹೆಜ್ಜೆ ಇಡುವುದರೊಳಗೆ ಅವನ ತೂಕ ನಮಗೆ ಗೊತ್ತಾಗಿರಬೇಕು. ಊರವರು ಮಾವನಿಗೆ ತಕ್ಕಡಿ ತಾತ ಎಂದು ಹೆಸರಿಟ್ಟಿದ್ದಾರೆ. ನನಗೂ ಏನೋ ಇಟ್ಟಿರಬೇಕು, ನನ್ನೆದುರಿಗೆ ಯಾರೂ ಹೇಳಿಲ್ಲ.

ನಾವು ಮಾರುವುದು ಸ್ಕಿಮ್‌ಬೋರ್ಡು. ದೊಡ್ಡ ಅಲೆಯ ಮೇಲೆ ಹೋಗುವ ಉದ್ದನೆಯ ಬೋರ್ಡಲ್ಲ, ಅದು ಬೇರೆ. ಇದು ಮೊಟ್ಟೆಯಾಕಾರದ ತೆಳ್ಳನೆಯ ಹಲಗೆ. ಅಲೆ ಮರಳಿನ ಮೇಲೆ ಬಂದು ವಾಪಸ್ಸು ಹೋಗುವಾಗ ಒಂದು ಬೆರಳು ದಪ್ಪದ ನೀರು ಉಳಿಯುತ್ತದಲ್ಲ, ಆ ನೀರಿನ ಮೇಲೆ ಹಲಗೆಯನ್ನು ಜಾರಿಬಿಟ್ಟು, ಹಿಂದೆಯೇ ಓಡಿ ಹತ್ತಿ ನಿಲ್ಲಬೇಕು. ಸರಿಯಾದ ಹಲಗೆಯಾದರೆ ಐವತ್ತು ಅರವತ್ತು ಹೆಜ್ಜೆ ದೂರ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತದೆ. ನಿಮ್ಮ ತೂಕಕ್ಕೆ ಚಿಕ್ಕದಾದರೆ ಹಲಗೆ ಮರಳಿಗೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದಕ್ಕೆ ಹೋಗುತ್ತೀರಿ. ದೊಡ್ಡದಾದರೆ ಅದು ತನಗೆ ಬೇಕಾದ ಕಡೆ ಹೋಗುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೊದಲು ತೂಕ.

ಎಷ್ಟು ಪಳಗಿದ್ದೀರಿ ಎಂದು ಕೇಳಬಹುದು, ಉತ್ತರವನ್ನು ನಂಬಬಾರದು. "ಸ್ವಲ್ಪ ಬರುತ್ತೆ" ಅಂದರೆ ಏನೂ ಬರುವುದಿಲ್ಲ ಎಂದರ್ಥ. "ಬರುತ್ತೆ" ಅಂದರೆ ಸ್ವಲ್ಪ ಬರುತ್ತದೆ. ನಿಜವಾಗಿ ಬರುವವರು ಬಾಯಿಯನ್ನೇ ಬಿಡುವುದಿಲ್ಲ. ಹಲಗೆಯನ್ನು ಮಗುಚಿ ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಾರೆ, ಅಷ್ಟೆ. ಕೊನೆಗೆ ಜೇಬಿನ ವಿಚಾರ. ಕಲಿಯುವವರಿಗೆ ಪ್ಲೈವುಡ್ಡಿನ ಹಲಗೆ ಧಾರಾಳ ಸಾಕು. ಆದರೆ ಕೈಯಲ್ಲಿ ನಾಲ್ಕು ಕಾಸಿದ್ದವರ ಕಣ್ಣೆಲ್ಲ ಮೇಲಿನ ಸಾಲಿನ ಮೇಲೆ. ಒಳಗೆ ಫೋಮ್, ಹೊರಗೆ ಫೈಬರ್, ಮೂತಿ ತುಸು ಎತ್ತಿದ್ದು, ಬೆಲೆ ನಾಲ್ಕು ಪಟ್ಟು. ಅಂಥವರಿಗೆ ನಾನು ಹೇಳುವುದು ಒಂದೇ ಮಾತು: "ಎರಡರ ಮೇಲಿಂದಲೂ ಬೀಳೋದು ಒಂದೇ ಥರ ಸಾರ್. ಕಡಿಮೆ ದುಡ್ಡಲ್ಲೇ ಬೀಳಿ."

ಎಲ್ಲರೂ ನಗುತ್ತಾರೆ. ನಕ್ಕು, "ನಿಮಗೂ ಈ ಆಟ ಬರುತ್ತಾ ಮೇಡಂ?" ಎಂದು ಕೇಳುತ್ತಾರೆ. "ಮತ್ತೆ ಅಂಗಡಿ ಯಾರು ನೋಡ್ಕೋತಾರೆ?" ಎಂದು ನಾನೂ ನಕ್ಕುಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಹೀಗೆ ನಗುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಹಲಗೆಯ ಮೇಲೆ ಕಾಲಿಟ್ಟಿರಲಿಲ್ಲ.

ಸಮುದ್ರ ದೂರವೇನಿಲ್ಲ. ಗಾಜಿನಾಚೆ ಒಂದು ಸಣ್ಣ ರಸ್ತೆ, ನಾಲ್ಕು ಮೆಟ್ಟಿಲು, ಆಮೇಲೆ ಮರಳು. ಆದರೆ ಈ ಆಟಕ್ಕೆ ನೀರು ಇಳಿಯುವ ಎರಡು ಗಂಟೆಯೇ ಆಗಬೇಕು. ಗಿರಾಕಿಗಳು ಬರುವುದೂ ಆ ಎರಡು ಗಂಟೆಯಲ್ಲೇ. ಹಲಗೆ ಮುರಿಯಿತು ಅಂತ ಬರುತ್ತಾರೆ, ಕಾಲು ಜಾರದಂತೆ ಹಲಗೆಗೆ ಉಜ್ಜುವ ಮೇಣ ಬೇಕು ಅಂತ ಬರುತ್ತಾರೆ, ಗೆಳೆಯ ಜಾರಿದ್ದು ನೋಡಿ ಹುಕಿ ಬಂದು ಬರುತ್ತಾರೆ. ಇಳಿತ ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋದರೆ ಅಂಗಡಿಯ ಭರಾಟೆಯೂ ಅಷ್ಟೇ ಮುಂದೆ ಹೋಗುತ್ತದೆ. ನನಗೆ ಬಿಡುವಾದಾಗ ನೀರು ಮೆಟ್ಟಿಲಿನವರೆಗೆ ಬಂದಿರುತ್ತದೆ, ಮರಳೇ ಇರುವುದಿಲ್ಲ. ಒಳಗಿನಿಂದ ನೋಡಿದರೆ ಗಾಜಿನ ಮೇಲೆ ಬರೆದ ನಮ್ಮ ಅಂಗಡಿಯ ಹೆಸರು ತಿರುವುಮುರುವು. ನಾನು ಸಮುದ್ರವನ್ನು ನೋಡಿದ್ದೆಲ್ಲ ಆ ಉಲ್ಟಾ ಅಕ್ಷರಗಳ ಸಂದಿಯಲ್ಲಿ.

ಮದುವೆಗೆ ಒಪ್ಪಿಕೊಂಡಾಗ ನಾನು ಹುಡುಗನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಸಮುದ್ರದ ಎದುರಿನ ಈ ಮನೆಯನ್ನು ನೋಡಿದ್ದೆ. ನಿಜ ಹೇಳಲು ನಾಚಿಕೆಯೇನಿಲ್ಲ. ಮನೆಗೆ ಬಂದ ದಿನ ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ನಲವತ್ತೆಂಟು" ಅಂದರು. ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದೇ. ಆಮೇಲೆ ನನ್ನನ್ನು ಗಲ್ಲಾದ ಹಿಂದೆ ನಿಲ್ಲಿಸಿ ಕಣ್ಣಳತೆ ಕಲಿಸಿದರು. ಗಿರಾಕಿಗೆ ಗೊತ್ತಾಗದಂತೆ ಮೇಜು ಬಡಿಯುವುದನ್ನೂ ಕಲಿಸಿದರು. ಬೆರಳ ಗೆಣ್ಣಿನಿಂದ ಬಡಿದರೆ ಹತ್ತುಗಳ ಲೆಕ್ಕ, ಉಗುರಿನಿಂದ ಕುಟ್ಟಿದರೆ ಬಿಡಿ ಲೆಕ್ಕ. ಗೆಣ್ಣು ಏಳು ಸಲ, ಉಗುರು ಎರಡು ಸಲ ಎಂದರೆ ಎಪ್ಪತ್ತೆರಡು ಕಿಲೋ. ಹಿಂದಿನ ಕೋಣೆಯಲ್ಲಿ ಹಲಗೆ ಉಜ್ಜುತ್ತಿರುವವರು ಅದನ್ನು ಕೇಳಿಸಿಕೊಂಡು ಸರಿಯಾದ ಅಳತೆಯದನ್ನು ತಂದಿಡುತ್ತಾರೆ. ಗಿರಾಕಿಗೆ, ಇವಳಿಗೇನೋ ಮೇಜು ಕುಟ್ಟುವ ಚಾಳಿ ಅನ್ನಿಸಬೇಕು, ಅಷ್ಟೆ.

ಕಲಿತಾದ ಮೇಲೆ ಒಂದು ಪರೀಕ್ಷೆ. ಗಿರಾಕಿಯದಲ್ಲ, ಮನೆಯವರದೇ ತೂಕ ಹೇಳಬೇಕು. "ದಿನಾ ಕಣ್ಣೆದುರು ಇರೋರನ್ನ ಯಾರೂ ನೋಡಲ್ಲ. ಅವರನ್ನ ನೋಡಿದವನಿಗೆ ಮಾತ್ರ ಕಣ್ಣಿದೆ ಅಂತ" ಎನ್ನುತ್ತಾರೆ ಮಾವ. ಎರಡು ಕಿಲೋಗಿಂತ ಹೆಚ್ಚು ತಪ್ಪಿದರೆ ಗಲ್ಲಾ ಸಿಗುವುದಿಲ್ಲ, ಇನ್ನೊಂದು ಅವಕಾಶವೂ ಇಲ್ಲ. ನಮ್ಮ ಯಜಮಾನರು ಅವರ ತಾಯಿಯ ತೂಕವನ್ನೇ ಆರು ಕಿಲೋ ತಪ್ಪು ಹೇಳಿ ಹಿಂದಿನ ಕೋಣೆ ಸೇರಿದರು. ನನ್ನ ಮಗ ಅಪ್ಪನ ತೂಕ ಒಂಬತ್ತು ಕಿಲೋ ತಪ್ಪಿಸಿ ಅದೇ ಕೋಣೆ ಸೇರಿದ. ಅಪ್ಪ ಮಗ ಇಬ್ಬರೂ ಅಲ್ಲಿ ಹಾಯಾಗಿದ್ದಾರೆ. ಆ ಕೋಣೆಗೆ ಹಿತ್ತಲ ಬಾಗಿಲಿದೆ. ಮಾಡಿದ ಹಲಗೆಯನ್ನು ಪರೀಕ್ಷೆ ಮಾಡುವ ನೆಪದಲ್ಲಿ ಬೇಕಾದಾಗ ನೀರಿಗೆ ಇಳಿಯುತ್ತಾರೆ. ಈ ಮನೆಯಲ್ಲಿ ದಡ್ಡರಿಗೇ ಬಾಗಿಲು ತೆರೆದಿರುವುದು.

ನಾನು ಜಾಣೆ. ನನ್ನ ಪರೀಕ್ಷೆಯ ದಿನ ಅತ್ತೆಯನ್ನು ನೋಡಿ, ಗೆಣ್ಣು ಏಳು ಸಲ, ಉಗುರು ಒಂದು ಸಲ ಬಡಿದೆ. ಮಾವ ಅತ್ತೆಯ ಕಡೆ ತಿರುಗಿ "ಸರೀನಾ?" ಅಂದರು. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ "ಸರಿ" ಅಂದರು. ನಾನು ಹಿಗ್ಗಿ ಹೀರೆಕಾಯಿಯಾದೆ. ಅಲ್ಲಿಯವರೆಗೆ ಗಲ್ಲಾ ನೋಡಿಕೊಳ್ಳುತ್ತಿದ್ದ ಅತ್ತೆ ಮರುದಿನದಿಂದ ಅಂಗಡಿಗೆ ಬರಲಿಲ್ಲ. ಬೇಕೆಂದೇ ತಪ್ಪು ತೂಕ ಹೇಳಬಹುದಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ.

ಈಗ ಅತ್ತೆ ಇಲ್ಲ. ಮಾವನ ಕಣ್ಣು ಮಂಜಾಗಿ ಆರು ವರ್ಷವಾಯಿತು, ಎದುರಿಗೆ ನಿಂತವರು ಹೆಣ್ಣೋ ಗಂಡೋ ಅನ್ನುವಷ್ಟು ಕಾಣಿಸಿದರೆ ಹೆಚ್ಚು. ಕಿವಿ ಮಾತ್ರ ಇನ್ನೂ ಚುರುಕು. ಗಲ್ಲಾದ ಪಕ್ಕದ ಬೆತ್ತದ ಕುರ್ಚಿಯಲ್ಲಿ ಬೆಳಗಿಂದ ಸಂಜೆವರೆಗೆ ಕೂತಿರುತ್ತಾರೆ.

ನಾಲ್ಕು ತಿಂಗಳ ಹಿಂದೆ ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಹೊಸಿಲು ದಾಟಿದವಳು ಮೊದಲು ಮಾಡಿದ್ದೇನು ಗೊತ್ತೇ? ಗೋಡೆಗೆ ಒರಗಿಸಿದ್ದ ಫೈಬರ್ ಹಲಗೆಯನ್ನು ಮಗುಚಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಮಾವ "ಎಷ್ಟಮ್ಮ?" ಎಂದು ನನ್ನನ್ನು ಕೇಳಿದರು. ನಾನು ಮೇಜಿನ ಮೇಲೆ ಗೆಣ್ಣು ನಾಲ್ಕು, ಉಗುರು ಏಳು ಬಡಿದೆ. ನಲವತ್ತೇಳು.

"ಸಮುದ್ರದ ಎದುರಿಗೇ ಮನೆ ಅಂದ್ರು, ಅದಕ್ಕೇ ಒಪ್ಕೊಂಡುಬಿಟ್ಟೆ ಅತ್ತೆ," ಅಂದಳು ಆ ಹುಡುಗಿ ಎರಡನೆಯ ದಿನ. "ನೀರು ಯಾವಾಗ ಇಳಿಯುತ್ತೆ? ನಾವು ಯಾವಾಗ ಹೋಗೋದು?"

ಮಾವ ಕುರ್ಚಿಯಿಂದಲೇ ನಕ್ಕರು. "ಮೊದಲು ಕಣ್ಣು ಕಲೀಲಿ. ಆಮೇಲೆ ಹೋಗೋದಿದ್ದೇ ಇದೆ."

ಆಮೇಲೆ. ಆ ಆಮೇಲೆ ಎಂಥದ್ದು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ. ಯಾಕೆಂದರೆ ಅದೇ ದಿನ ಮಾವ ನನಗೂ ಒಂದು ಮಾತು ಹೇಳಿದ್ದರು: "ಇವಳು ತಯಾರಾದರೆ ಇಳಿತದ ಹೊತ್ತು ಗಲ್ಲಾ ಇವಳಿಗೆ. ನಿನಗಿನ್ನು ಬಿಡುವು." ಇಪ್ಪತ್ತಾರು ವರ್ಷ ಕಾದ ಎರಡು ಗಂಟೆ ನನ್ನ ಕೈಗೆ ಬರುವುದರಲ್ಲಿತ್ತು. ನಾನು ದೇವತೆಯಲ್ಲ. ಹುಡುಗಿಗೆ ಶ್ರದ್ಧೆಯಿಂದ ಕಲಿಸಿದೆ.

ಭುಜ ನೋಡಬೇಡ, ಬಟ್ಟೆ ಮೋಸ ಮಾಡುತ್ತದೆ ಎಂದು ಹೇಳಿಕೊಟ್ಟೆ. ಹಿಮ್ಮಡಿ ನೋಡು, ಮಣಿಕಟ್ಟು ನೋಡು, ತಿರುಗುವಾಗ ಯಾವ ಕಾಲಿನ ಮೇಲೆ ಭಾರ ಬಿಡುತ್ತಾರೆ ನೋಡು ಎಂದೆ. ಮೊದಲ ತಿಂಗಳು ಹತ್ತು ಕಿಲೋ ತಪ್ಪುತ್ತಿದ್ದಳು, ಎರಡನೆಯ ತಿಂಗಳು ಐದು. ಅವಳು ಮೇಜು ಬಡಿಯುವಾಗ ಕಣ್ಣು ಗಿರಾಕಿಯ ಮೇಲಿರುತ್ತಿತ್ತು, ಗಿರಾಕಿ ತಿರುಗಿದ ಕೂಡಲೇ ಗಾಜಿನಾಚೆ ಹೋಗುತ್ತಿತ್ತು. ದಿನಾ ಕೇಳುತ್ತಿದ್ದಳು, "ಅತ್ತೆ, ಹತ್ತೇ ನಿಮಿಷ ಹೋಗಿ ಬರ್ಲಾ?" ನಾಲ್ಕನೆಯ ತಿಂಗಳು ಕೇಳುವುದನ್ನು ಬಿಟ್ಟಳು. ನನಗೆ ನೆನಪಿದೆ, ನಾನೂ ನಾಲ್ಕನೆಯ ತಿಂಗಳಿಗೇ ಕೇಳುವುದನ್ನು ಬಿಟ್ಟಿದ್ದೆ.

ಆವತ್ತು ಇಳಿತ ಮೂರು ಗಂಟೆಗೆ. ಊಟ ಮುಗಿಸಿ ಬಂದ ಮಾವ ಕುರ್ಚಿಯಲ್ಲಿ ಕೂತು, "ಇವತ್ತು ಅವಳೊಬ್ಬಳೇ ನಿಂತ್ಕೊಳ್ಳಲಿ. ನೀನು ಬೇಕಾದ್ರೆ ಹೋಗಿ ಮಲಕ್ಕೋಮ್ಮ" ಅಂದರು.

ಮಲಗುವುದೆಲ್ಲಿ ಬಂತು! ನನ್ನ ಕೋಣೆಯ ಬಾಗಿಲ ಹಿಂದೆ ಹಳೆಯ ದುಪ್ಪಟಿಯಲ್ಲಿ ಸುತ್ತಿಟ್ಟ ಹಲಗೆ ನನಗಾಗಿ ಕಾದಿತ್ತು. ಎಂಟು ವರ್ಷದ ಹಿಂದೆ ಯಜಮಾನರಿಗೆ "ಯಾರೋ ಗಿರಾಕಿ ಕೇಳಿದ್ದಾರೆ, ನಲವತ್ತೆಂಟು ಕಿಲೋದವರಿಗೆ, ಪಳಗಿದವರಿಗೆ" ಎಂದು ಸುಳ್ಳು ಹೇಳಿ ಮಾಡಿಸಿಕೊಂಡಿದ್ದೆ. ಫೈಬರಿನದು, ಮೂತಿ ಎತ್ತಿದ್ದು, ತಿಳಿ ಹಸಿರು ಬಣ್ಣ. ಆ ಗಿರಾಕಿ ಯಾಕೆ ತೆಗೆದುಕೊಂಡು ಹೋಗಲಿಲ್ಲ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹಲಗೆ ಹಿಡಿದು ಅಂಗಡಿಯ ಮೂಲಕವೇ ಹೊರಟೆ. ಸೊಸೆಯ ಕಣ್ಣು ಅರಳಿತು. ಕೈ ತಾನಾಗಿ ಚಾಚಿ ಅಂಚನ್ನು ಸವರಿದಳು. "ಎಷ್ಟು ಚೆನ್ನಾಗಿದೆ! ಯಾರದು ಅತ್ತೆ?"

"ನಂದೇ."

ಅವಳು ಹಲಗೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಲಗೆ ನೋಡಿದಳು. ನಾನು ನಿಲ್ಲಲಿಲ್ಲ. ರಸ್ತೆ ದಾಟಿ ನಾಲ್ಕು ಮೆಟ್ಟಿಲು ಇಳಿದೆ. ಒದ್ದೆ ಮರಳು ಅಂಗಾಲಿಗೆ ತಣ್ಣಗೆ ತಾಗಿದಾಗ ಅಳು ಬಂದುಬಿಟ್ಟಿತು. ಖುಷಿಗೇ ಬಂದದ್ದು.

ಅಲೆ ಬಂತು, ಹೋಯಿತು, ತೆಳ್ಳನೆಯ ನೀರು ಉಳಿಯಿತು. ಸಾವಿರ ಜನಕ್ಕೆ ಹೇಳಿಕೊಟ್ಟಂತೆಯೇ ಬಾಗಿ, ಹಲಗೆ ಜಾರಿಬಿಟ್ಟು, ಓಡಿ ಹತ್ತಿದೆ. ಹಲಗೆ ಗಕ್ಕನೆ ನಿಂತಿತು. ನಾನು ಮುಂದಕ್ಕೆ ಹೋದೆ. ಎದ್ದು ಮತ್ತೆ ಓಡಿದೆ, ಮೊಣಕಾಲು ತರಚಿತು. ಮೂರನೆಯ ಸಲ ಬಾಯಿ ತುಂಬ ಮರಳು. ಹಲಗೆ ನಾನು ಕಾಲಿಟ್ಟ ಜಾಗದಲ್ಲೇ ಮರಳಿಗೆ ಅಂಟಿಕೊಂಡಿತ್ತು.

ಕೂತಲ್ಲಿಂದ ತಿರುಗಿ ನೋಡಿದೆ. ಇಳಿತದ ಹೊತ್ತಿನಲ್ಲಿ ಹೊರಗಿನಿಂದ ನಮ್ಮ ಅಂಗಡಿಯನ್ನು ನೋಡಿದ್ದು ಅದೇ ಮೊದಲು. ಹೆಸರಿನ ಅಕ್ಷರಗಳೆಲ್ಲ ನೇರವಾಗಿದ್ದವು. ಅವುಗಳ ಹಿಂದೆ, ಗಾಜಿಗೆ ಮುಖ ಹತ್ತಿಸಿಕೊಂಡು ಸೊಸೆ ನಿಂತಿದ್ದಳು. ನಾನು ನೋಡಿದ್ದು ಕಂಡು ಅವಳು ಕೈ ಎತ್ತಿ ಗೆಣ್ಣಿನಿಂದ ಗಾಜು ಬಡಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ಉಗುರಿನಿಂದ ಮೂರು.

ಅರವತ್ತಮೂರು.

ಹೋದ ವರ್ಷ ಡಾಕ್ಟರ ಯಂತ್ರವೂ ಅರವತ್ತಮೂರೇ ತೋರಿಸಿತ್ತು. ಯಂತ್ರ ಕೆಟ್ಟಿದೆ ಅಂದುಕೊಂಡು ಮನೆಗೆ ಬಂದಿದ್ದೆ. ದೀಪದ ಬುಡ ಕತ್ತಲೆ ಅನ್ನುವುದು ಇದಕ್ಕೇ. ಬಾಗಿಲಿಗೆ ಬಂದವರನ್ನೆಲ್ಲ ಅರ್ಧ ಕಿಲೋ ಹೆಚ್ಚುಕಡಿಮೆಯಿಲ್ಲದೆ ತೂಗಿದವಳು, ಮದುವೆಯಾಗಿ ಬಂದ ಹುಡುಗಿಯ ತೂಕಕ್ಕೆ ಹಲಗೆ ಮಾಡಿಸಿಕೊಂಡಿದ್ದೆ. ಒಂದು ದಿನವೂ ಆಡದೆ ಪಳಗಿದವರ ಹಲಗೆ ಬೇಕೆಂದಿದ್ದೆ. ನಾಲ್ಕು ಪಟ್ಟು ಕೊಟ್ಟು ಬಿದ್ದಿದ್ದೆ. ಅಂಗಡಿಯ ಮೂರು ನಿಯಮದಲ್ಲಿ ಒಂದನ್ನೂ ಮುರಿಯದೆ ಬಿಡಲಿಲ್ಲ ನಾನು. ಹೋಗಲಿ, ನಾಳೆ ಅರವತ್ತಮೂರಕ್ಕೆ ಪ್ಲೈವುಡ್ಡಿನದು ತೆಗೆದುಕೊಂಡರಾಯಿತು. ಅಲ್ಲೇ ನಿರ್ಧರಿಸಿದೆ. ನಾಳೆ ಇದೆಯಲ್ಲ, ನಾಡಿದ್ದೂ ಇದೆಯಲ್ಲ!

ಆಗಲೇ ನನಗೆ ಇನ್ನೊಂದು ವಿಷಯ ಹೊಳೆದದ್ದು. ಅವಳು ಅರ್ಧ ಕಿಲೋ ಕೂಡ ತಪ್ಪಿಲ್ಲ. ದಿನಾ ಕಣ್ಣೆದುರು ಇರುವವಳನ್ನು, ರಸ್ತೆಯಾಚೆಯಿಂದ, ಗಾಜಿನ ಹಿಂದಿನಿಂದ ನೋಡಿ ಹೇಳಿದ್ದಾಳೆ. ಹುಡುಗಿಗೆ ಕಣ್ಣು ಬಂದುಬಿಟ್ಟಿದೆ.

ಮೈಯೆಲ್ಲ ಮರಳಾಗಿ ಒಳಗೆ ಬಂದೆ. ಮಾವ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಮುಖ ಬೆಳಗುತ್ತಿತ್ತು.

"ಕೇಳಿಸ್ತು ಕಣಮ್ಮ, ಕೇಳಿಸ್ತು! ಆರು, ಮೂರು. ನಾನು ಹೇಳದೇನೇ ಮನೆಯವರ ತೂಕ ಹೇಳಿದ್ದಾಳೆ. ಇದೇ ಪರೀಕ್ಷೆ ಅಂತ ಇಟ್ಕೊಳ್ಳೋಣ." ಅವರ ಮಂಜುಗಣ್ಣು ನನ್ನ ದನಿ ಬರಬೇಕಾದ ಕಡೆ ತಿರುಗಿತು. "ಸರೀನಾ?"

ಹಿಂದಿನ ಕೋಣೆಯಲ್ಲಿ ಹಲಗೆ ಉಜ್ಜುವ ಸದ್ದು ನಿಂತಿತು. ಸೊಸೆ ಗಲ್ಲಾದ ಹಿಂದೆ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು. ಗೆದ್ದ ಮುಖ. ನನಗೆ ಆ ಮುಖ ಗೊತ್ತು. ಅದನ್ನು ಹೊತ್ತುಕೊಂಡೇ ನಾನು ಇಪ್ಪತ್ತಾರು ವರ್ಷದ ಹಿಂದೆ ಅದೇ ಜಾಗದಲ್ಲಿ ನಿಂತಿದ್ದೆ. ಅತ್ತೆ ನನ್ನನ್ನು ನೋಡಿದ ಆ ಒಂದು ಕ್ಷಣ ಏನು ಯೋಚಿಸಿದ್ದರು ಎಂದು ಈಗ ತಿಳಿಯಿತು. ಅವರಿಗೂ ಎರಡು ಗಂಟೆ ಬೇಕಾಗಿತ್ತು. "ಸರಿ" ಅಂದುಬಿಟ್ಟಿದ್ದರು.

ನನಗೂ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಅಂದರೆ ಸರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಆ ಹುಡುಗಿಯ ಮೇಲೆ ಸಿಟ್ಟು ಬಂತು. ದಡ್ಡಿ, ಒಂದು ಹತ್ತು ಕಿಲೋ ಹೆಚ್ಚು ಬಡಿಯಬಾರದಿತ್ತೇ? ಇದನ್ನ ನನ್ನ ತಲೆಗೆ ಯಾಕೆ ಕಟ್ಟಿದೆ?

"ಐವತ್ತೆರಡು, ಮಾವ," ಅಂದೆ.

ಹಿಂದಿನ ಕೋಣೆಯಿಂದ ಮಗ ಕಿಸಕ್ಕೆಂದದ್ದು ಕೇಳಿಸಿತು. ಯಜಮಾನರು ಜಾಣರು, ಕೆಮ್ಮಲೂ ಇಲ್ಲ.

"ಅತ್ತೆ, ಅಲ್ಲ," ಅಂದಳು ಸೊಸೆ. "ಐವತ್ತೆರಡು ಹೇಗಾಗುತ್ತೆ? ನೀವೇ ಹೇಳ್ಕೊಟ್ಟಿದ್ದಲ್ವಾ, ಹಿಮ್ಮಡಿ ನೋಡು ಅಂತ?"

"ನನ್ನ ತೂಕ ನನಗೆ ಗೊತ್ತಿಲ್ವೇನೇ?"

ಮಾವ ಕುರ್ಚಿಗೆ ಒರಗಿದರು. ಮುಖದ ಬೆಳಕು ಹೋಯಿತು. "ಹನ್ನೊಂದು ಕಿಲೋ ತಪ್ಪು," ಅಂದರು ಮೆಲ್ಲಗೆ. "ನಾಲ್ಕು ತಿಂಗಳು ಕಲಿಸಿ ಹನ್ನೊಂದು ಕಿಲೋ. ನಿಯಮ ಅಂದ್ರೆ ನಿಯಮ. ಹಿಂದೆ ಕಳಿಸು ಇವಳನ್ನ. ಹಲಗೆನಾದ್ರೂ ಪರೀಕ್ಷೆ ಮಾಡ್ಲಿ."

ಹುಡುಗಿಯ ಕಣ್ಣು ತುಂಬಿಕೊಂಡಿತು. ಗಲ್ಲಾದ ಹಿಂದಿನಿಂದ ಬಂದು ನನ್ನ ಕಿವಿಯ ಹತ್ತಿರ, "ಬೇಕು ಅಂತ್ಲೇ ಹೇಳಿದ್ರಿ ನೀವು. ನಾನೇನು ಮಾಡಿದ್ದೆ ನಿಮಗೆ?" ಅಂದಳು.

ಹಸಿರು ಹಲಗೆಯನ್ನು ಅವಳ ಎದೆಗೆ ಒತ್ತಿದೆ. "ನಲವತ್ತೆಂಟಕ್ಕೆ ಮಾಡಿಸಿದ್ದು. ಪಳಗಿದವರಿಗೆ. ಹೋಗು, ಇನ್ನೊಂದು ಗಂಟೆ ಇಳಿತ ಇದೆ."

ಅವಳು ಹಲಗೆ ನೋಡಿದಳು. ನನ್ನ ತರಚಿದ ಮೊಣಕಾಲು ನೋಡಿದಳು. ಅರ್ಥವಾಯಿತೋ ಇಲ್ಲವೋ, ಕಣ್ಣೊರೆಸಿಕೊಂಡು ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು. ಹಿತ್ತಲ ಬಾಗಿಲಿನಿಂದಲ್ಲ, ಮುಂಬಾಗಿಲಿನಿಂದಲೇ.

ನಾನು ಗಲ್ಲಾದ ಹಿಂದೆ ಹೋಗಿ ನಿಂತೆ. ಗಾಜಿನ ಮೇಲೆ ಅಕ್ಷರಗಳು ಮತ್ತೆ ಉಲ್ಟಾ ಆಗಿದ್ದವು. ಅವುಗಳ ಸಂದಿಯಲ್ಲಿ ಅವಳು ಓಡುವುದು ಕಂಡಿತು. ಬಾಗಿದಳು, ಹಲಗೆ ಬಿಟ್ಟಳು, ಹತ್ತಿದಳು. ಹಲಗೆ ನಿಲ್ಲಲಿಲ್ಲ. ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕೆ, ಅಲ್ಲಿಂದ ಮುಂದಕ್ಕೆ, ಗಾಜಿನ ಅಂಚು ದಾಟಿ ಹೋದಳು. ನನಗೆ ಹೊಟ್ಟೆ ಉರಿಯಿತು. ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಲು ಹೋಗಲಿಲ್ಲ.

"ಬಾಗಿಲ ಹತ್ತಿರ ನೆಲದಲ್ಲಿ ಆ ಸಡಿಲ ಮರದ ಹಾಸು ಇದೆಯಲ್ಲ," ಅಂದರು ಮಾವ, ಯಾರ ಕಡೆಗೂ ತಿರುಗದೆ. "ಐವತ್ತೆರಡಕ್ಕೆ ಅದು ಅಷ್ಟು ಜೋರಾಗಿ ಕಿರುಗುಟ್ಟಲ್ಲಮ್ಮ."

ನನ್ನ ಕೈ ಮೇಜಿನ ಮೇಲೇ ನಿಂತಿತು. ಅವರು ಕುರ್ಚಿಯಲ್ಲಿ ಸರಿಯಾಗಿ ಕೂತುಕೊಂಡು, ಪ್ರೀತಿಯಿಂದಲೇ ಅಂದರು, "ಹೋಗ್ಲಿ ಬಿಡು, ಚಿಕ್ಕ ಹುಡುಗಿ. ನೀನಂತೂ ಇದ್ದೀಯಲ್ಲ."

ಬಾಗಿಲು ತೆರೆಯಿತು. ಹಾಸು ಕಿರುಗುಟ್ಟಿತು. ಒಳಗೆ ಬಂದವನು ಎಪ್ಪತ್ತೈದು ಕಿಲೋ, ಹೊಸ ಚಪ್ಪಲಿ, ಮೇಲಿನ ಸಾಲಿನ ಮೇಲೇ ಕಣ್ಣು. ಗೆಣ್ಣು ಏಳು ಸಲ, ಉಗುರು ಐದು ಸಲ ಬಡಿದೆ. ಅವನು ನನ್ನ ಒದ್ದೆ ಬಟ್ಟೆ, ತಲೆಗೂದಲಿನ ಮರಳು ನೋಡಿ ನಕ್ಕ.

"ಓಹೋ, ಈಗಷ್ಟೇ ಆಡಿ ಬಂದ್ರಾ ಮೇಡಂ? ನಿಮಗೂ ಬರುತ್ತಾ ಇದು?"

"ಸ್ವಲ್ಪ ಬರುತ್ತೆ," ಅಂದೆ.